ತಮ್ಮನ ಸಂಪಿಗೆ ಸಸಿ ಹೊತ್ತು ಜಯನಗರಕ್ಕೆ

ಗೊಟ್ಟಿಗೆರೆಯಿಂದ ಜಯನಗರಕ್ಕೆ ಆರು ಮೈಲಿ. ಇದನ್ನೂ ಒಂದು ಪ್ರಯಾಣವೆಂದು ಬರೆಯುತ್ತಾಳಲ್ಲ ಎಂದು ನಗುವವರು ನಗಲಿ. ಮನೆಯಿಂದ ಒಬ್ಬಳೇ ಹೊರಟು, ಬಸ್ಸು ಹತ್ತಿ, ಗೊತ್ತಿಲ್ಲದ ಬೀದಿಗಳಲ್ಲಿ ದಾರಿ ಕೇಳಿಕೊಂಡು ಹೋಗಿ ಸಂಜೆ ಹಿಂತಿರುಗಿದ್ದು ನನಗೆ ಅದೇ ಮೊದಲು. ಹೋಗಿಬಂದು ಹನ್ನೊಂದು ವರ್ಷವಾಯಿತು. ಆ ದಿನ ನಾನು ಮಾಡಿದ್ದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಹೋಗಬೇಕಾಗಿದ್ದವನು ನನ್ನ ತಮ್ಮ ಮುನಿರಾಜ. ಆಗ ಅವನಿಗೆ ಹತ್ತೊಂಬತ್ತು. ಹಿಂದಿನ ವಾರ ಜಯನಗರದ ಸಸಿತೋಟದ ರಾಯರು ಬನ್ನೇರುಘಟ್ಟದ ಕಡೆಯಿಂದ ಸೈಕಲ್ಲಿನಲ್ಲಿ ಬರುತ್ತ ನಮ್ಮ ಮನೆಯ ಮುಂದೆ ನೀರು ಕೇಳಿದ್ದರು. ಅವ್ವ ಒಬ್ಬಳೇ ಇದ್ದಳು. ಚೊಂಬು ಬಾಯಿಗೆತ್ತಿದವರು ಹಾಗೇ ನಿಂತು ಗೋಡೆಯ ನೆರಳಿನಲ್ಲಿದ್ದ ಸಂಪಿಗೆ ಸಸಿಗಳನ್ನು ನೋಡಿದರಂತೆ. ಹೊಸ ಬಡಾವಣೆಯ ರಸ್ತೆಗಳಿಗೆ ಮರ ಬೆಳೆಸುವುದು ಅವರ ಕೆಲಸ. ಅವರ ತೋಟದಲ್ಲಿ ಸಂಪಿಗೆ ಬೀಜ ಎಷ್ಟು ಹಾಕಿದರೂ ಮೊಳೆಯುತ್ತಿರಲಿಲ್ಲ. "ಇದನ್ನ ಬೆಳೆಸಿದವರನ್ನ ಸೋಮವಾರ ನನ್ನ ಹತ್ರ ಕಳಿಸಿ. ಹತ್ತು ಸಸೀನೂ ತರಲಿ. ಕೆಲಸ ಕೊಡ್ತೀನಿ" ಎಂದು ಹೇಳಿ ಹೋಗಿದ್ದರು.

ಬೆಳೆಸಿದವನು ಮುನಿರಾಜ. ಹಣ್ಣು ಬಿರಿದ ದಿನವೇ ಬೀಜ ಆರಿಸಿ, ಅದರ ಮೇಲಿನ ಕೆಂಪು ತಿರುಳನ್ನು ಮರಳಿನಲ್ಲಿ ಉಜ್ಜಿ ತೆಗೆದು, ತೊಳೆದು, ಒಣಗಲು ಬಿಡದೆ ಬಿತ್ತುತ್ತಿದ್ದ. ಬಾಳೆಪಟ್ಟೆಯನ್ನು ಬಳೆಯಂತೆ ಸುತ್ತಿ, ನಾರಿನಲ್ಲಿ ಕಟ್ಟಿ, ಒಳಗೆ ಮಣ್ಣು ತುಂಬಿ ಒಂದೊಂದರಲ್ಲಿ ಒಂದೊಂದು ಸಸಿ ಕೂರಿಸುತ್ತಿದ್ದ. ಊರಿನವರು "ಹೆಣ್ಣುಮಕ್ಕಳ ಕೆಲ್ಸ ಹಿಡ್ಕೊಂಡ ನೋಡು" ಎಂದು ಆಡಿಕೊಳ್ಳುತ್ತಿದ್ದರು. ಅಂಥವನಿಗೆ ಕರೆದು ಕೆಲಸ ಕೊಡುವವರು ಬಂದಿದ್ದರು. ಭಾನುವಾರ ಅವನಿಗೆ ಚಳಿಜ್ವರ ಹಿಡಿಯಿತು.

ಹಾಗಾಗಿ ಸೋಮವಾರ ಬೆಳಿಗ್ಗೆ ನಾನು ಹೊರಟೆ. ಗಂಡ ತೀರಿಕೊಂಡು ತವರಿಗೆ ಬಂದು ಎರಡು ವರ್ಷವಾಗಿತ್ತು. ಕಂಡವರ ಹೊಲದಲ್ಲಿ ಕಳೆ ಕೀಳುವುದು ನನ್ನ ಕೆಲಸ. ಮುನಿರಾಜ ಕಂಬಳಿಯೊಳಗಿಂದಲೇ ಹೇಳಿದ:

"ಅಕ್ಕಾ, ಎಂಟು ದಿನ ಜಾಗ ಖಾಲಿ ಇಟ್ಟಿರಿ ಅಂತ ಹೇಳು. ಜ್ವರ ಬಿಟ್ಟ ದಿನಾನೇ ಓಡ್ಬರ್ತಾನೆ ಅನ್ನು."

"ಹೇಳ್ತೀನಿ ಬಿಡೋ."

"ಮರೆತುಬಿಟ್ಟೀಯ!"

"ಅದನ್ನ ಹೇಳಕ್ಕೇ ತಾನೇ ಹೋಗ್ತಿರೋದು? ಸುಮ್ನೆ ಮಲ್ಕೋ."

ಎಂಟು ಗಂಟೆಯ ಬಸ್ಸು ಒಂಬತ್ತಕ್ಕೆ ಬಂತು. ಆಷಾಢದ ಗಾಳಿ, ತಲೆಯ ಮೇಲಿನ ಸಸಿಯ ಬುಟ್ಟಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದೆ. ಕಂಡಕ್ಟರ್ ನೋಡಿದವನೇ, "ಏನಮ್ಮಾ, ತೋಟಾನೇ ಕಿತ್ಕೊಂಡು ಬಂದ್ಬಿಟ್ಟಿದ್ದೀಯ?" ಎಂದ. ಟಿಕೆಟ್ಟು ಇಪ್ಪತ್ತು ನಯಾಪೈಸೆ. ಬುಟ್ಟಿಗೂ ಬೇರೆ ಟಿಕೆಟ್ಟು ಎಂದು ಹಟ ಹಿಡಿದ. ಹಿಂದಿನ ಸೀಟಿನಲ್ಲಿ ಸೊಪ್ಪಿನ ಮೂಟೆ ಇಟ್ಟುಕೊಂಡಿದ್ದ ಮುದುಕಿಯೊಬ್ಬಳು, "ಗಿಡಕ್ಕೆ ಟಿಕೆಟ್ ಹರಿದ್ರೆ ಅದಕ್ಕೆ ಕೂರಕ್ಕೆ ಸೀಟೂ ಕೊಡ್ಬೇಕಾಯ್ತದೆ ಕಣಪ್ಪ" ಎಂದಳು. ಬಸ್ಸೆಲ್ಲ ನಕ್ಕಿತು. ಕಂಡಕ್ಟರೂ ನಕ್ಕು ಮುಂದೆ ಹೋದ. ಹುಳಿಮಾವು, ಅರಕೆರೆ, ಬಿಳೇಕಹಳ್ಳಿ ದಾಟುವವರೆಗೂ ಎರಡು ಕಡೆ ರಾಗಿ ಹೊಲ, ಹೂವಿನ ತೋಟ. ನನ್ನ ಊರೇ ಮತ್ತೆ ಮತ್ತೆ ಬಂದಂತಿತ್ತು.

ಸುದ್ದಗುಂಟೆಪಾಳ್ಯದ ಹತ್ತಿರ ಇಳಿದು ಪಡುವಲಕ್ಕೆ ನಡೆದೆ. ಅಲ್ಲಿಂದ ಮುಂದೆ ನೋಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಎರಡು ಗಾಡಿ ಅಕ್ಕಪಕ್ಕ ಹೋಗುವಷ್ಟು ಅಗಲದ ರಸ್ತೆಗಳಿದ್ದವು. ರಸ್ತೆಗೆ ಮನೆಗಳೇ ಇರಲಿಲ್ಲ. ನಂಬರು ಕೊರೆದ ಕಲ್ಲುಗಳು ಹುಲ್ಲಿನಲ್ಲಿ ಸಾಲಾಗಿ ನಿಂತಿದ್ದವು. ಅಲ್ಲೊಂದು ಇಲ್ಲೊಂದು ಗೋಡೆ ಏಳುತ್ತಿತ್ತು. ರಸ್ತೆಯ ಅಂಚಿನಲ್ಲಿ ಬಿದಿರಿನ ಗೂಡು ಕಟ್ಟಿದ ಎಳೆಯ ಗಿಡಗಳಿದ್ದವು. ಒಂದು ಗೂಡಿನೊಳಕ್ಕೆ ಮೇಕೆ ತಲೆ ತೂರಿಸಿ ನಿಂತಿತ್ತು. ಗಾರೆ ಕಲಸುತ್ತಿದ್ದ ಹೆಂಗಸನ್ನು ಸಸಿತೋಟ ಎಲ್ಲಿ ಎಂದು ಕೇಳಿದೆ. "ನೀರಿನ ಟ್ಯಾಂಕ್ ಲಾರಿ ಹೋದ ಗುರುತು ಹಿಡ್ಕೊಂಡು ಹೋಗಕ್ಕಾ, ಅದು ಅಲ್ಲೇ ಹೋಗೋದು" ಎಂದಳು. ಹಾಗೇ ಹೋದೆ.

ತಡಿಕೆ ಬೇಲಿಯೊಳಗೆ ಸಸಿಮಡಿಗಳು. ಮೇಲೆ ಗರಿ ಹೊದಿಸಿದ ಚಪ್ಪರ, ಕೆಳಗೆ ತೇವದ ನೆಲ, ಸಾಲು ಸಾಲಾಗಿ ಬೆರಳುದ್ದದ ಗಿಡಗಳು. ಕೆಲಸ ಮಾಡುವ ಜಾಗ ಅಷ್ಟು ತಣ್ಣಗಿರಬಹುದೆಂದು ನನಗೆ ಗೊತ್ತಿರಲಿಲ್ಲ. ಯಾರೂ ಕೂಗಾಡುತ್ತಿರಲಿಲ್ಲ. ನಾಲ್ಕೈದು ಹೆಂಗಸರು ಕುಕ್ಕರುಗಾಲಿನಲ್ಲಿ ಕೂತು ಮಣ್ಣು ತುಂಬುತ್ತ ಮಾತಾಡುತ್ತಿದ್ದರು.

ರಾಯರು ಬುಟ್ಟಿ ಇಳಿಸಿಕೊಂಡರು. ಖಾಕಿ ಚಡ್ಡಿ, ಮಣ್ಣಾದ ಕೈ. ಒಂದು ಬಾಳೆಪಟ್ಟೆ ಬಿಚ್ಚಿ ಬೇರು ನೋಡಿದರು. ಇನ್ನೊಂದು ಬಿಚ್ಚಿದರು.

"ಬೇರು ಒಂದೂ ಮುರಿದಿಲ್ಲ. ಬೀಜಾನ ಬೂದೀಲಿ ಉಜ್ಜಿದ್ರಾ?"

"ಇಲ್ಲ ಸ್ವಾಮಿ, ಮರಳಲ್ಲಿ."

"ಎಷ್ಟು ದಿನ ಒಣಗಿಸಿದ್ರಿ?"

"ಒಣಗಿಸಕ್ಕಿಲ್ಲ. ಅವತ್ತೇ ಬಿತ್ತಬೇಕು."

ಅವರು ತಲೆಯೆತ್ತಿ ನನ್ನನ್ನು ನೋಡಿದರು. ನನ್ನ ಮಾತನ್ನು ಒಬ್ಬರು ಹಾಗೆ ನಿಂತು ಕೇಳಿದ್ದು ನನ್ನ ನೆನಪಿನಲ್ಲಿರಲಿಲ್ಲ. ಮುನಿರಾಜ ಮಾಡುವುದನ್ನು ನೋಡಿದ್ದೆ, ಅದಕ್ಕೆ ಗೊತ್ತಿತ್ತು, ಅಷ್ಟೆ.

"ಇದನ್ನೆಲ್ಲ ನೀನೇ ಬೆಳೆಸಿದ್ದೇನಮ್ಮ?"

ಇಲ್ಲ ಎನ್ನಲು ಬಾಯಿ ತೆರೆದೆ. ಇದು ಸುಳ್ಳಲ್ಲ. ತಮ್ಮನ ಹೆಸರು ನಾಲಿಗೆಯ ಮೇಲಿತ್ತು. ಆಗ ಕೂತಿದ್ದ ಹೆಂಗಸರಲ್ಲಿ ಒಬ್ಬಳು ಪಕ್ಕಕ್ಕೆ ಸರಿದು, ನನಗೆ ಕೂರಲು ನೆಲ ಸವರಿದಳು.

"ಹೂಂ" ಎಂದೆ.

"ಹಾಗಾದ್ರೆ ಇವತ್ತಿಂದಲೇ ಕೂತ್ಕೋ. ಇವರಿಗೂ ಪಟ್ಟೆ ಸುತ್ತೋದು ಹೇಳ್ಕೊಡು."

ಜಾಗ ಮಾಡಿಕೊಟ್ಟವಳ ಹೆಸರು ಯಲ್ಲಮ್ಮ. ನಾನು ಸುತ್ತಿದ ಮೊದಲ ಪಟ್ಟೆ ಬಿಚ್ಚಿಕೊಂಡು ಮಣ್ಣೆಲ್ಲ ಮಡಿಲಿಗೆ ಸುರಿಯಿತು. "ಏನಕ್ಕಾ, ಮನೇಲಿ ಮಾಡುವಾಗ ಕೈ ಬೇರೇದಿತ್ತಾ?" ಎಂದು ಅವಳು ತಮಾಷೆ ಮಾಡಿದಳು. ನಾನು ತಲೆಯೆತ್ತದೆ ಮಣ್ಣು ಬಳಿದುಕೊಂಡೆ. ಅವಳಿಗೆ ಏನೂ ಗೊತ್ತಿರಲಿಲ್ಲ. ಹತ್ತನೆಯದು ನಿಂತಿತು. ಮಧ್ಯಾಹ್ನ ಅವಳ ಪಕ್ಕದಲ್ಲೇ ಕೂತು ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದೆ. ಸಂಜೆಯ ಹೊತ್ತಿಗೆ ನಲವತ್ತು ಪಟ್ಟೆಗಳಲ್ಲಿ ನಲವತ್ತು ಗಿಡ ನಿಂತಿದ್ದವು. ಅವುಗಳ ಮೇಲೆ ನೀರು ಚಿಮುಕಿಸುವಾಗ ನನ್ನೊಳಗೆ ಆದದ್ದನ್ನು ಸಂತೋಷ ಎನ್ನದೆ ಬೇರೇನು ಹೇಳಲಿ? ಕಳೆ ಕಿತ್ತು ಕಿತ್ತು ಒಗೆದ ಕೈ ಅದು. ಒಂದು ಗಿಡವನ್ನು ನಿಲ್ಲಿಸಿದ್ದು ಅವತ್ತೇ ಮೊದಲು.

ಆ ಸಂತೋಷ ಹನ್ನೊಂದು ವರ್ಷದಲ್ಲಿ ಒಂದು ದಿನವೂ ಕಡಿಮೆಯಾಗಿಲ್ಲ. ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವಳು ಸಸಿಗಳ ಹೆಸರುಹಲಗೆ ಬರೆದು ಬರೆದು ಅಕ್ಷರ ತಿದ್ದಿಕೊಂಡೆ. ನಾನು ಬೆಳೆಸಿದ ಗಿಡಗಳ ನೆರಳಿನಲ್ಲಿ ಈಗ ಜನ ಕೊಡೆ ಮಡಿಸಿಕೊಂಡು ನಡೆಯುತ್ತಾರೆ. ಮುನಿರಾಜ ಆ ವರ್ಷದ ಕೊನೆಗೆ ಕಲ್ಲಿನ ಗಾಡಿ ಹೊಡೆಯಲು ಸೇರಿದ. ಜಯನಗರದ ಮನೆಗಳ ಪಾಯಕ್ಕೆ ಕಲ್ಲು ಹೇರಿಕೊಂಡು ತೋಟದ ಮುಂದೆಯೇ ಹೋಗುತ್ತಿದ್ದ. ಎತ್ತು ನಿಲ್ಲಿಸಿ, "ಅಕ್ಕಾ, ಹೆಂಗವೆ ನಿನ್ ಮಕ್ಳು?" ಎಂದು ಕೂಗುತ್ತಿದ್ದ. ಬೇಲಿಯೊಳಕ್ಕೆ ಒಂದು ದಿನವೂ ಬರಲಿಲ್ಲ. ಮತ್ತೆ ಬೀಜ ಬಿತ್ತಲೂ ಇಲ್ಲ. ಅವನಿಗೆ ಓದಲು ಬಾರದು. ನನಗೆ ಇದನ್ನು ಬರೆಯುವ ಧೈರ್ಯ ಬಂದದ್ದು ಅದರಿಂದಲೇ ಇರಬೇಕು.

ಅವತ್ತು ಸಂಜೆ ಹಿಂದಿರುಗುವಾಗ ಬಸ್ಸು ಸಿಗಲಿಲ್ಲ. ಸಿಕ್ಕಿದ್ದರೂ ಹತ್ತುತ್ತಿದ್ದೆನೋ ಇಲ್ಲವೋ. ನಡೆದೇ ಹೊರಟೆ. ಬಿಳೇಕಹಳ್ಳಿಯ ಹತ್ತಿರ, ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವುದೆಂದುಕೊಂಡೆ. ಅರಕೆರೆಯ ಹತ್ತಿರ, ನಾಳೆ ರಾಯರಿಗೇ ಹೇಳುವುದೆಂದುಕೊಂಡೆ. ತುಂತುರು ಮಳೆ ಹನಿಯತೊಡಗಿತು. ಖಾಲಿ ಬುಟ್ಟಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡೆ. ಹುಳಿಮಾವು ದಾಟುವಾಗ ನಾನು ಯೋಚಿಸುತ್ತಿದ್ದದ್ದು ಸುಳ್ಳನ್ನು ಹೇಗೆ ಹೇಳುವುದೆಂದು ಮಾತ್ರ.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆ. ಮುನಿರಾಜ ಗೋಡೆಗೆ ಒರಗಿ ಕೂತಿದ್ದ. ಕಣ್ಣು ಕೆಂಪಗಿದ್ದವು.

"ಏನಂದ್ರು ಅಕ್ಕಾ?"

"ಅಲ್ಲಿ ಇರೋರೆಲ್ಲ ಹೆಂಗಸರೇ ಕಣೋ. ಈ ಕೆಲಸಕ್ಕೆ ಹೆಂಗಸರೇ ಬೇಕಂತೆ. ನನ್ನನ್ನೇ ಬಾ ಅಂದ್ರು."

ಒಲೆಯ ಮುಂದಿದ್ದ ಅವ್ವ ತಿರುಗಿ ನನ್ನ ಮುಖ ನೋಡಿದಳು. ಮತ್ತೆ ಒಲೆಗೆ ಸೌದೆ ನೂಕಿದಳು.

"ಹೆಂಗಸರೇನಾ?" ಎಂದ ಮುನಿರಾಜ. ಆಮೇಲೆ ನಕ್ಕ. "ಊರೋರು ಹೇಳಿದ್ದೇ ಸರಿಯಾಯ್ತಲ್ಲಕ್ಕಾ. ಹೋಗ್ಲಿ ಬಿಡು, ಬೇರೆ ಯಾರಿಗೋ ಹೋಗ್ಲಿಲ್ಲವಲ್ಲ. ಇನ್ನೊಬ್ಬರ ಹೊಲಕ್ಕೆ ಹೋಗೋದು ತಪ್ತು ನಿನಗೆ."

ನಿಜ ಹೇಳಲು ಅದೇ ಹೊತ್ತು. ಈಗ ನೆನೆದರೂ ಅದೇ ಹೊತ್ತಾಗಿತ್ತು ಅನ್ನಿಸುತ್ತದೆ. ನಾನು ಸೀರೆಯ ಸೆರಗು ಹಿಂಡುತ್ತ ನಿಂತಿದ್ದೆ.

"ಆದ್ರೆ ನಿನಗೆ ಏನೂ ಬರಕ್ಕಿಲ್ವಲ್ಲ" ಎಂದು ಅವನು ಕಂಬಳಿ ಸರಿಸಿ ನೆಟ್ಟಗೆ ಕೂತ. ಜ್ವರದ ಕೈಯಲ್ಲಿ ನನ್ನನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡ. "ಇಲ್ಲಿ ಕೇಳು. ಮೊದ್ಲು ಪಟ್ಟೇನ ನೀರಲ್ಲಿ ನೆನೆ ಹಾಕ್ಬೇಕು, ಇಲ್ದಿದ್ರೆ ಬಿಚ್ಕೊಳ್ತದೆ. ಮಣ್ಣನ್ನ ಒತ್ತಬಾರದು, ತಟ್ಟಬೇಕು. ಸಸೀನ ಎಲೆ ಹಿಡಿದು ಎತ್ತು, ಕಾಂಡ ಮುಟ್ಬೇಡ..."

ಕೆಮ್ಮು ಬಂದು ಅವನ ಮಾತು ನಿಂತಿತು. ನಾನು ಒಲೆಯ ಬಳಿಯಿಂದ ಬಿಸಿನೀರು ತಂದುಕೊಟ್ಟೆ. ಅವನು ಕುಡಿದು ಮುಗಿಸುವವರೆಗೂ ಕಾದು ಕೂತಿದ್ದು, ಕೇಳಿದೆ:

"ಆಮೇಲೆ?"