ಟೈರಿಗೆ ಸಿಕ್ಕ ಕೊಸರು

ಹೊಸ ಟೈರ್ ಹಾಕಿಸಿದ ಎರಡನೆಯ ವಾರ ನನ್ನ ಹೆಂಡತಿ ಶಾಲೆಯ ಮುಂದೆ ಕಾರಿನಿಂದ ಇಳಿದು, ಬಾಗಿಲು ಹಿಡಿದುಕೊಂಡು ಎರಡು ನಿಮಿಷ ಹಾಗೇ ನಿಂತಳು. ಆಮೇಲೆ ಹೇಳಿದಳು: "ಇದಕ್ಕಿಂತ ಹಳೇ ಟೈರ್ ಬರೋಬರಿ ಇದ್ವು ನೋಡ್ರಿ."

ಒಂದು ತಿಂಗಳು ತಲೆ ಕೆಡಿಸಿಕೊಂಡು ಆರಿಸಿದ ಟೈರು! ನನಗೆ ಬಂದ ಸಿಟ್ಟು ನಿಮಗೆ ಅರ್ಥವಾಗುತ್ತದೆ ಅಂದುಕೊಂಡಿದ್ದೇನೆ.

ಹಿಂದಿನದನ್ನು ಹೇಳಿಬಿಡುತ್ತೇನೆ. ಪದ್ಮಾ ಏಕಸಂಬಿಯ ಆಚೆ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಟೀಚರ್. ಊರವರಿಗೆಲ್ಲ ಅಕ್ಕೋರು. ನಿವೃತ್ತಿಗೆ ಇನ್ನೂ ಎರಡು ವರ್ಷ ಇದೆ. ಆದರೆ ದೀಪಾವಳಿ ಹೊತ್ತಿಗೆ ಬೆನ್ನಿನ ಡಿಸ್ಕ್ ಕೈಕೊಟ್ಟಿತು. ಡಾಕ್ಟರು "ಜರ್ಕ್ ಆಗಬಾರದು" ಎಂದರು. (ಅವರು ನಮ್ಮ ಕಡೆಯ ರಸ್ತೆಯಲ್ಲಿ ಓಡಾಡಿದ ಹಾಗೆ ಕಾಣಲಿಲ್ಲ.) ಬಸ್ಸು ಬಂದ್ ಆಯಿತು. ಕಾಲೇಜಿನ ನೌಕರಿಯಿಂದ ರಿಟೈರ್ ಆಗಿ ಮನೆಯಲ್ಲಿ ಪೇಪರ್ ತಿರುವಿಹಾಕುತ್ತಿದ್ದ ನಾನು ಚಿಕ್ಕೋಡಿಯಿಂದ ದಿನಾ ಕಾರಿನಲ್ಲಿ ಬಿಟ್ಟು ಕರೆತರುವುದೆಂದಾಯಿತು.

ಅದೂ ಆಗದಿದ್ದರೆ? ಸ್ವಯಂ ನಿವೃತ್ತಿ. ಅರ್ಜಿ ಬರೆದು, ತಾರೀಖು ಮಾತ್ರ ಬಿಟ್ಟು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದಳು. ಅರ್ಧ ಪುಟದ ಆ ಅರ್ಜಿ ಬರೆಯಲು ಅವಳಿಗೆ ಮೂರು ದಿನ ಬೇಕಾಯಿತು.

ಅಷ್ಟರಲ್ಲಿ ಕಾರಿನ ಹಳೇ ಟೈರು ನುಣ್ಣಗಾಗಿದ್ದವು. ಶಿವರಾತ್ರಿ ಮುಗಿದರೆ ನಮ್ಮಲ್ಲಿ ಡಾಂಬರು ರೊಟ್ಟಿ ಹಂಚಿನ ಹಾಗೆ ಕಾಯುತ್ತದೆ. ಬೇಸಿಗೆಗೆ ಮೊದಲೇ ಬದಲಿಸಬೇಕಿತ್ತು.

ನೀವು ಟೈರ್ ಕೊಳ್ಳುವವರಿದ್ದರೆ ದಯವಿಟ್ಟು ಮೊಬೈಲ್ ಪಕ್ಕಕ್ಕಿಡಿ. ನಾನು ಇಡಲಿಲ್ಲ. "ಸಮ್ಮರ್ ಟೈರ್" ಎಂದು ಹುಡುಕಿದೆ. ಯಾವುದೋ ತಂಪು ದೇಶದ ಮನುಷ್ಯ ಸ್ವೆಟರ್ ಹಾಕಿಕೊಂಡು ಬೇಸಿಗೆಯ ಟೈರುಗಳನ್ನು ಹೋಲಿಸುತ್ತಿದ್ದ. ಅವನ ಬೇಸಿಗೆ ಅಂದರೆ ನಮ್ಮ ಎಳ್ಳಮಾವಾಸ್ಯೆಯ ಚಳಿ! ಆದರೂ ಪೂರಾ ನೋಡಿದೆ. ಅದು ಮುಗಿದರೆ ಇನ್ನೊಂದು.

ಕೊನೆಗೆ ಮೂರು ಟೈರು ಉಳಿದವು. ಒಂದು, ಬ್ರೇಕ್ ಒತ್ತಿದಲ್ಲೇ ಕಚ್ಚಿ ನಿಲ್ಲುವಂಥದ್ದು, ಆದರೆ ಗಟ್ಟಿ. ಇನ್ನೊಂದು ಮೆತ್ತಗೆ, ಸದ್ದಿಲ್ಲ, ಆದರೆ ಬಿಸಿಲಿನಲ್ಲಿ ಬೇಗ ಸವೆಯುತ್ತದೆ. ಮತ್ತೊಂದು ಹಗುರಾಗಿ ಉರುಳಿ ಪೆಟ್ರೋಲ್ ಉಳಿಸುತ್ತದೆ, ಆದರೆ ದಾರಿಯ ಪ್ರತಿ ತಗ್ಗನ್ನೂ ಸೊಂಟಕ್ಕೆ ಮುಟ್ಟಿಸುತ್ತದೆ. ಮೂರೂ ಗುಣ ಒಂದರಲ್ಲೇ ಬೇಕೆಂದರೆ? ಅಂಥದ್ದನ್ನು ಯಾರೂ ಇನ್ನೂ ಮಾಡಿಲ್ಲ. (ಗಂಡಂದಿರಲ್ಲೂ ಇಲ್ಲ ಎನ್ನುತ್ತಾಳೆ ಪದ್ಮಾ.)

ಪದ್ಮಾಳ ತಮ್ಮ ಭರತೇಶನಿಗೆ ಕಾಗವಾಡದ ಹತ್ತಿರ ದ್ರಾಕ್ಷಿ ತೋಟ ಇದೆ. ಗಾಡಿಯ ವಿಷಯದಲ್ಲಿ ಅವನೇ ನಮ್ಮ ಮನೆತನದ ಸುಪ್ರೀಂ ಕೋರ್ಟು. ಫೋನಿನಲ್ಲೇ ಕೂಗಿದ: "ಮಾಮಾ, ಗ್ರಿಪ್ ನೋಡ್ರಿ, ಗ್ರಿಪ್! ಕಬ್ಬಿನ ಟ್ರಾಲಿ ಅಡ್ಡ ಬಂದ್ರ ಗಾಡಿ ಜಾಗಾದಾಗ ನಿಂದ್ರಬೇಕು. ಮೆತ್ತಗಿಂದು ತಗೊಂಡ ಏನ್ ಮಾಡ್ತೀರಿ?"

ನನ್ನ ಮನಸ್ಸು ಪೆಟ್ರೋಲ್ ಉಳಿಸುವುದರ ಮೇಲಿತ್ತು. ಸುಳ್ಳು ಯಾಕೆ ಹೇಳಲಿ? ಆದರೆ ಆ ಬ್ಯಾಗು, ಆ ಅರ್ಜಿ ಕಣ್ಣ ಮುಂದೆ ಬಂದು ಮೆತ್ತನೆಯದನ್ನೇ ತೆಗೆದುಕೊಂಡೆ. ನಿಪ್ಪಾಣಿಯ ಅಂಗಡಿಯವನು ಖುಷಿಯಾಗಿ, "ಸಾಹೇಬ್ರ, ಗಾದಿ ಮ್ಯಾಲೆ ಕುಂತಂಗ ಆಗತೈತಿ. ವೈನಿಯವರ ಬೆನ್ನಿಗೆ ಏನೂ ತ್ರಾಸ ಆಗಂಗಿಲ್ಲ. ವಾರಕ್ಕೊಮ್ಮೆ ಹವಾ ಅಷ್ಟು ಚೆಕ್ ಮಾಡಸ್ರಿ" ಎಂದ.

ಮೊದಲ ನಾಲ್ಕು ದಿನ ಗಾದಿಯೇ. ಪದ್ಮಾ ದಾರಿಯಲ್ಲಿ ಮಕ್ಕಳ ನೋಟ್‌ಬುಕ್ ತಿದ್ದಿದಳು. ನಾನು ಬೀಗಿದೆ.

ಸೋಮವಾರ ಶಾಲೆಗೆ ಹೋಗುವಾಗ, ಅಂಗಡಿಯವನು ಹೇಳಿದ ಹಾಗೆ, ಏಕಸಂಬಿ ರಸ್ತೆಯಲ್ಲಿ ಬಾಬುನ ಹತ್ತಿರ ಹವಾ ಹಾಕಿಸಿದೆ. ಬಾಬು ಪಂಕ್ಚರ್ ತೆಗೆಯುವವನು. ಸೀಸನ್ ತುಂಬ ಕಬ್ಬಿನ ಟ್ರಾಲಿಗಳಿಗೆ ಹವಾ ಹಾಕುತ್ತಾನೆ. ಶಾಲೆ ಮುಟ್ಟಿ ಇಳಿದಾಗಲೇ ಪದ್ಮಾ ಹಳೇ ಟೈರಿನ ಆ ಮಾತು ಹೇಳಿದ್ದು. ಸಂಜೆ ಇನ್ನೊಂದು ಮಾತು ಸೇರಿಸಿದಳು: "ಹವಾ ಹಾಕಿಸಿದ ಮ್ಯಾಲೆ ಹಿಂಗಾಗೇತ್ರಿ. ಜಾಸ್ತಿ ಆಗಿರಬೇಕು."

ನಾನು ನಕ್ಕೆ. "ಟೈರಿಂದು ನಿನಗೇನ್ ತಿಳಿತೈತಿ? ಹೊಸಾವು ಅದಾವು, ಪಳಗಬೇಕು" ಎಂದೆ. (ಸ್ವೆಟರ್ ಮನುಷ್ಯ ಹಾಗೆ ಹೇಳಿದ್ದ.)

ಮೂರು ವಾರ ಪಳಗಿಸಿದೆ. ಪ್ರತಿ ಸೋಮವಾರ ತಪ್ಪದೇ ಹವಾ. ಕಾರು ಮತ್ತಷ್ಟು ಕುಣಿಯಿತು. ಪದ್ಮಾ ಮೊದಲು ಬೆನ್ನಿಗೆ ಒಂದು ದಿಂಬು ಇಟ್ಟುಕೊಂಡಳು, ಆಮೇಲೆ ಎರಡು. ನೋಟ್‌ಬುಕ್ ತಿದ್ದುವುದು ನಿಂತಿತು. ಭರತೇಶನನ್ನು ಕೇಳಿದೆ. "ನಾ ಮೊದಲ ಹೇಳಿದ್ನಿಲ್ರಿ" ಎಂದ. ಮತ್ತೆ ವಿಡಿಯೋ ನೋಡಿದೆ. ಒಂದು ಶುಕ್ರವಾರ ಸಂಜೆ ಪದ್ಮಾ ಅರ್ಜಿ ತೆಗೆದು ತಾರೀಖು ಹಾಕಿದಳು. "ಸೋಮವಾರ ಬಿಇಓ ಆಫೀಸಿಗೆ ಕೊಟ್ಟು ಹೋಗೂನ್ರಿ. ನನ್ನಿಂದ ಇನ್ನ ಆಗೂದಿಲ್ಲ" ಎಂದಳು.

ಶನಿವಾರ ಅವಳನ್ನು ಶಾಲೆಯಿಂದ ಮನೆಗೆ ತಂದುಬಿಟ್ಟು ಜಗಳಕ್ಕೆಂದೇ ನಿಪ್ಪಾಣಿಗೆ ಹೋದೆ. ಅಂಗಡಿಯವನು ಹವಾ ಅಳೆಯುವ ಮೀಟರ್ ತಂದು ಟೈರಿಗೆ ಚುಚ್ಚಿದ. ಆಮೇಲೆ ಹಣೆ ಬಡಿದುಕೊಂಡ.

"ಸಾಹೇಬ್ರ, ನಾ ಮೂವತ್ತೆರಡು ಹಾಕಿ ಕೊಟ್ಟಿದ್ದೆ. ಇದ್ರಾಗ ನಲವತ್ತೈದು ಐತಲ್ಲ! ಟೈರಲ್ರಿ ಇದು, ಕಲ್ಲು. ಈ ಬಿಸಲಾಗ ಒಡದಿಲ್ಲ, ನಿಮ್ಮ ನಶೀಬ ಚಲೋ ಐತಿ."

ಅಲ್ಲಿಂದ ಸೀದಾ ಬಾಬುನ ಹತ್ತಿರ. "ಏನ್ ಮಾಡೀಯೋ ಮಾರಾಯಾ?" ಎಂದೆ. ಅವನು ಕೈ ಒರೆಸಿಕೊಳ್ಳುತ್ತ ಎದ್ದು ನಿಂತ, ಮುಖದಲ್ಲಿ ನಗು.

"ಎಲ್ಲಾರಿಗೂ ಹಾಕೂವಷ್ಟು ಹಾಕಿ, ನಿಮಗ ವಾರಾ ವಾರಾ ಮ್ಯಾಲೆ ಇನ್ನೊಂದೀಟು ಬಿಡತೇನ್ರಿ ಸರ. ಅಕ್ಕೋರ ಗಾಡಿ ಐತಿ. ನನ್ನ ಮಗಳಿಗೆ ಓದಾಕ ಬರತಿದ್ದಿಲ್ಲ, ಅವರ ಕುಂಡ್ರಿಸಿಕೊಂಡ ಕಲಿಸ್ಯಾರ. ರೊಕ್ಕಾ ಬ್ಯಾಡ ಅಂದ್ರ ನೀವು ಕೇಳಂಗಿಲ್ಲ. ಕೊಸರರೆ ಹಾಕಬ್ಯಾಡೇನ್ರಿ?"

ಕೊಸರು! ಸಂತೆಯಲ್ಲಿ ತೂಕ ಮುಗಿದ ಮೇಲೆ ಪರಿಚಯದವರ ಚೀಲಕ್ಕೆ ಒಂದು ಹಿಡಿ ಮೆಣಸಿನಕಾಯಿ ಹಾಕುವುದಿಲ್ಲವೇ, ಹಾಗೆ ಈ ಪುಣ್ಯಾತ್ಮ ವಾರ ವಾರ ಗಾಳಿಯ ಕೊಸರು ಹಾಕಿದ್ದ. ಅವನ ಪ್ರೀತಿಯೆಲ್ಲ ಹೋಗಿ ಪದ್ಮಾಳ ಬೆನ್ನಿಗೆ ಗುದ್ದುತ್ತಿತ್ತು. ಅವನಿಗೆ ಏನೆಂದು ಬೈಯಲಿ?

ಅವನು ಹವಾ ಹಾಕುವಾಗ ನಾನು ಎಲ್ಲಿದ್ದೆ ಅಂತೀರಾ? ಒಳಗೆ ಎಸಿ ಹಾಕಿಕೊಂಡು ಟೈರಿನ ವಿಡಿಯೋ ನೋಡುತ್ತಿದ್ದೆ.

ನನಗೆ ಈಗ ನಿಜಕ್ಕೂ ದಣಿವಾಗಿದೆ, ಓದುಗರೇ. ಸ್ವೆಟರಿನವನ ಮಾತು ಕೇಳಿದೆ. ಭರತೇಶನ ಮಾತು ಕೇಳಿದೆ. ಪಕ್ಕದ ಸೀಟಿನಲ್ಲಿ ಕುಳಿತು, ಆ ದಾರಿಯನ್ನು ಬೆನ್ನಿನಿಂದಲೇ ಅಳೆದವಳು ಹವಾ ಹಾಕಿಸಿದ ಮೊದಲ ದಿನವೇ ಸರಿ ಉತ್ತರ ಹೇಳಿದ್ದಳು. ಅದನ್ನು ಮಾತ್ರ ನಕ್ಕು ಬಿಟ್ಟೆ. ಮನೆಯವರು ಹೇಳಿದ್ದು ಸಲಹೆ ಅನ್ನಿಸುವುದೇ ಇಲ್ಲ ನಮಗೆ, ಗೊಣಗಾಟ ಅನ್ನಿಸುತ್ತದೆ. ನಿಮ್ಮ ಮನೆಯಲ್ಲಿ ಬೇರೆ ಥರ ಇದೆಯೇ?

ಸೋಮವಾರ ಹೊರಟೆವು. ನಿಪ್ಪಾಣಿಯಲ್ಲಿ ನಡೆದದ್ದನ್ನು ಪದ್ಮಾಗೆ ಹೇಳಿದ್ದೆ. ಅಂಗಡಿಯವನು ಇಳಿಸಿಕೊಟ್ಟ ಹಾಗೆ ಟೈರಿನಲ್ಲಿ ಮೂವತ್ತೆರಡೇ ಇತ್ತು. ಚಿಕ್ಕೋಡಿ ದಾಟುವವರೆಗೆ ಪದ್ಮಾ ದಿಂಬಿಗೆ ಕೈ ಹಾಕಲಿಲ್ಲ. ಬಿಇಓ ಆಫೀಸನ್ನು ಹಿಂದೆ ಬಿಟ್ಟು ಬಂದಿದ್ದೆವು. ಅವಳು ಗಾಡಿ ನಿಲ್ಲಿಸ್ರಿ ಅನ್ನಲಿಲ್ಲ, ನಾನೂ ಕೇಳಲಿಲ್ಲ. ಸ್ವಲ್ಪ ಧೈರ್ಯ ಬಂತು.

"ಎಲ್ಲಾ ಸರಿ ಆತಲ್ಲ, ಇನ್ನ ಆ ಅರ್ಜಿ ಹರದ ಒಗಿ" ಎಂದೆ.

ಅವಳು ಬ್ಯಾಗನ್ನು ತೊಡೆಯ ಮೇಲೆ ಹಾಗೇ ಇಟ್ಟುಕೊಂಡು ರಸ್ತೆ ನೋಡುತ್ತಲೇ ಹೇಳಿದಳು: "ಹರೀತೇನ್ರಿ. ಆದ್ರ ಒಂದು ಹೇಳ್ರಿ, ನನ್ನ ಬೆನ್ನು ನೋಯಾಕತ್ತೇತಿ ಅಂತ ನಾ ಹೇಳಿದ್ರ ಸಾಲೂದಿಲ್ಲ, ನಿಪ್ಪಾಣಿ ಮೀಟರೇ ಹೇಳಬೇಕೇನು?"