ಕೆಸಡಿಲ್ಲಕ್ಕೆ ಹಾಕದ ಹುಳಿ

ಸಿದ್ದಾಪುರದ ಪೇಟೆಮನೆಗೆ ನಾನು ಸೊಸೆಯಾಗಿ ಬಂದು ನಾಲ್ಕು ವರ್ಷವಾಗಿತ್ತು. ನೆಂಟರು ಬಂದ ದಿನವಂತೂ ಒಲೆ ಅತ್ತೆಯದೇ, ಹೆಚ್ಚುವುದು ತುರಿಯುವುದು ನನ್ನದು. ಬಿ.ಎ. ಪಾಸಾದ ನನಗೆ ಇದು ಘೋರ ಅನ್ಯಾಯವಾಗಿ ಕಾಣುತ್ತಿತ್ತು. ಒಂದೇ ಒಂದು ಸಲ ನೆಂಟರಿಗೆ ನಾನೇ ಮಾಡಿ ಬಡಿಸಿ ಸೈ ಅನ್ನಿಸಿಕೊಂಡರೆ ಒಲೆ ನನ್ನ ಕೈಗೆ ಬರುತ್ತದೆಂದು ನಂಬಿದ್ದೆ.

ಮೊಬೈಲು ಆಗಷ್ಟೇ ಮನೆಮನೆಗೆ ಬರುತ್ತಿದ್ದ ಕಾಲ. ಪುಣೆಯಲ್ಲಿದ್ದ ಗಂಡನ ಅಕ್ಕ ಸಂಸಾರ ಸಮೇತ ಬರುತ್ತಾರೆಂದು ಸುದ್ದಿ ಬಂತು. ಈ ಅತ್ತಿಗೆ ಸಾಮಾನ್ಯರಲ್ಲ. ತವರಿನ ಚಹಾ ಕುಡಿಯುವಾಗಲೂ ಪುಣೆಯ ಚಹಾವನ್ನು ಹೊಗಳಿಯೇ ಲೋಟ ಕೆಳಗಿಡುವವರು. ಅವರ ಬಾಯಿ ಮುಚ್ಚಿಸಲು ಮಾಸಪತ್ರಿಕೆಯಲ್ಲಿ ಬಂದಿದ್ದ ಮೆಕ್ಸಿಕೋದ ತಿಂಡಿಯೇ ಸರಿ ಎಂದುಕೊಂಡೆ. ಹೆಸರು ಕೆಸಡಿಲ್ಲ. ಮೈದಾ ಚಪಾತಿಯೊಳಗೆ ತರಕಾರಿ, ಚೀಸ್ ಇಟ್ಟು, ಮಡಚಿ ಕಾವಲಿಯ ಮೇಲೆ ಬಿಸಿ ಮಾಡುವುದು. ಪಕ್ಕಕ್ಕೆ ಸಾಲ್ಸಾ, ಅಂದರೆ ಹಸಿ ಟೊಮೆಟೊ ಗೊಜ್ಜು. ಇಷ್ಟಕ್ಕೆ ಮೆಕ್ಸಿಕೋದ ತನಕ ಹೋಗಬೇಕಿತ್ತೇ ಎಂದು ಈಗ ಅನ್ನಿಸುತ್ತದೆ. ಆಗ ಚೀಸಿಗಾಗಿ ಗಂಡನನ್ನು ಶಿರಸಿಯ ಬಸ್ಸು ಹತ್ತಿಸಿದ್ದೆ.

ಈ ಸಲ ನಾನೇ ಮಾಡುತ್ತೇನೆ ಎಂದಾಗ ಅತ್ತೆ ಎದುರಾಡದೆ ಒಪ್ಪಿದರು. "ಎಂತ ಮಾಡ್ತೆ ಕೂಸೆ?" ಎಂದು ಕೇಳಿದರು. ಹೆಸರು ಹೇಳಿದ್ದೇ ಮುಖ ಅರಳಿತು. ಪತ್ರಿಕೆಯವರು ಪಾಲಕ್ ಹಾಕಿ ಎಂದಿದ್ದರು, ಅದು ನಮ್ಮ ಪೇಟೆಯಲ್ಲಿ ಸಿಕ್ಕಿರಲಿಲ್ಲ. ಹಿತ್ತಲಿನಿಂದ ಯಾವುದಾದರೂ ಸೊಪ್ಪು ಕೊಯ್ದು ಹೆಚ್ಚಿಕೊಡಿ ಎಂದು ಅತ್ತೆಗೇ ಅಪ್ಪಣೆ ಕೊಟ್ಟೆ. ಎಷ್ಟು ಹಾಯೆನಿಸಿತು! ಅವರು ಸಣ್ಣಗೆ ಹೆಚ್ಚಿದ ಸೊಪ್ಪು ತಂದಿಟ್ಟು, "ಹುಳಿ ಹಾಕದು ಮರೆಯಡ" ಎಂದರು.

"ಇಲ್ಲೆ ಅತ್ತೆ, ಹಾಕ್ತೆ" ಎಂದೆ. ಸಾಲ್ಸಾಕ್ಕೆ ಹಿಂಡುವ ಲಿಂಬೆಯ ಮಾತು ಎಂದುಕೊಂಡಿದ್ದೆ. ಆಮೇಲೆ ಅದನ್ನೂ ಹಿಂಡಲಿಲ್ಲ. ಹಿಂಡಿದರೆ ಅತ್ತಿಗೆ ಇದನ್ನು ಕೋಸಂಬರಿ ಎಂದುಬಿಟ್ಟರೆ? ಬದಲಿಗೆ ಒಂದು ಚಮಚ ಸಕ್ಕರೆ ಸುರಿದೆ.

ಬಡಿಸಿದೊಡನೆ ಅತ್ತಿಗೆ ಹೆಸರು ತಿದ್ದಿದರು. "ಅದು ಕೆಸಡಿಯಾ. ಪುಣೆಲಿ ಹಾಂಗೇ ಹೇಳ್ತ." ತಿದ್ದುತ್ತಲೇ ಎರಡು ತಿಂದು ಮುಗಿಸಿದರು. ಪುಣೆಯ ಹೋಟೆಲುಗಳ ವರ್ಣನೆ ಅರ್ಧಕ್ಕೆ ಬಂದಾಗ ಕೆಮ್ಮಿದರು, ಗಂಟಲು ಕೆರೆದುಕೊಂಡರು. ಅವರ ಗಂಡನೂ ಕೆರೆದರು, ನನ್ನ ಗಂಡನೂ ಕೆರೆದರು. ಒಳಗೆ ಓಡಿ ನೋಡಿದರೆ ಈಳಿಗೆಯ ಪಕ್ಕದಲ್ಲಿ ಕೆಸದ ದಂಟುಗಳು! ಬಚ್ಚಲ ಹಿಂದೆ ಬೆಳೆಯುವ ಆ ಸೊಪ್ಪಿಗೆ ಹುಳಿ ಹಾಕಿ ಬೇಯಿಸದಿದ್ದರೆ ಗಂಟಲು ತುರಿಸುತ್ತದೆಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅತ್ತೆಗೆ ನನ್ನ ಕೆಸಡಿಲ್ಲದಲ್ಲಿ ಕೇಳಿಸಿದ್ದು ಮೊದಲ ಎರಡು ಅಕ್ಷರ ಮಾತ್ರ.

ಹುಣಸೆನೀರು ಕುಡಿದು ಸ್ವಲ್ಪ ಸ್ವರ ಬಂದ ಮೇಲೆ ಅತ್ತಿಗೆ ಕೇಳಿದರು, "ಇದನ್ನ ಮಾಡಿದ್ದು ಯಾರು?"

ಅತ್ತೆ ಒಮ್ಮೆ ನನ್ನ ಮುಖ ನೋಡಿದರು.

"ಆನೇ ಮಾಡಿದ್ದು. ಹುಳಿ ಹಾಕದು ಮರ್ತೋತು" ಎಂದು ತಮ್ಮ ಮೇಲೇ ಹಾಕಿಕೊಂಡರು.

"ನಿಂಗೆ ವಯಸ್ಸಾತು ಆಯಿ. ಇನ್ಮೇಲೆ ಒಲೆ ಇವ್ಳಿಗೇ ಬಿಟ್ಕೊಡು" ಎಂದರು ಮಗಳು.

ನಾನಿನ್ನೂ ತಿಂದಿರಲಿಲ್ಲ, ನನ್ನ ಗಂಟಲು ಚೆನ್ನಾಗಿಯೇ ಇತ್ತು. ಒಂದು ಮಾತು ಹೇಳಬಹುದಿತ್ತು. ನಾಚಿಕೆಗೇಡು, ಹೇಳಲಿಲ್ಲ. ಮರುದಿನದಿಂದ ಒಲೆ ನನ್ನದಾಯಿತು.