ಹೊಸ್ತಿಲಲ್ಲಿಟ್ಟ ಬೀನ್ಸು

ನೀಲವ್ವ ಕ್ಷಮಿಸುವ ಹೆಂಗಸಾಗಿರಲಿಲ್ಲ. ಇದನ್ನು ಆಕೆಯ ಗಂಡ ಒಪ್ಪುತ್ತಿದ್ದರು, ಕ್ಯಾಲಿಫೋರ್ನಿಯಾದ ಕ್ಯಾಂಪ್‌ಬೆಲ್ಲಿನ ಕನ್ನಡದವರೂ ಒಪ್ಪುತ್ತಿದ್ದರು. ಆಕೆಯಂತೂ ಅದನ್ನು ತನ್ನ ಗುಣವೆಂದೇ ತಿಳಿದಿದ್ದಳು.

ಎಂಬತ್ತೆರಡರ ಯುಗಾದಿಗೆ ಎಲ್ಲರೂ ಒಂದೊಂದು ಅಡಿಗೆ ಮಾಡಿಕೊಂಡು ಸೇರಿದ್ದಾಗ, ಮೈಸೂರಿನ ಪದ್ಮಜಾ ಆಕೆಯ ಜೋಳದ ರೊಟ್ಟಿಯನ್ನು ಬೆರಳಿನಿಂದ ಬಡಿದು ನೋಡಿ, "ನೀಲವ್ವನೋರೇ, ಇದನ್ನ ತಿನ್ಬೇಕೋ, ಛಾವಣಿಗೆ ಹೊದಿಸ್ಬೇಕೋ?" ಎಂದಿದ್ದಳು. ಎಲ್ಲರೂ ನಕ್ಕರು. ನೀಲವ್ವ ಡಬ್ಬಿಯ ಮುಚ್ಚಳ ಹಾಕಿದಳು. ಆಮೇಲೆ ನಾಲ್ಕು ವರ್ಷ ಯಾವ ಕೂಟಕ್ಕೂ ರೊಟ್ಟಿ ಒಯ್ಯಲಿಲ್ಲ. ಅಂಗಡಿಯಿಂದ ಪೇಪರ್ ತಟ್ಟೆ ಕೊಂಡು ಒಯ್ಯುತ್ತಿದ್ದಳು. ಪದ್ಮಜಾ ಮೂರು ಸಲ ಫೋನು ಮಾಡಿ ತಪ್ಪಾಯಿತೆಂದಳು. ಮೂರು ಸಲವೂ ನೀಲವ್ವ "ಹೂಂ" ಎಂದಷ್ಟೇ ಹೇಳಿ ಇಟ್ಟುಬಿಟ್ಟಳು.

ಧಾರವಾಡದ ಈ ಹೆಂಗಸು ಕ್ಯಾಂಪ್‌ಬೆಲ್ಲಿಗೆ ನೇರವಾಗಿ ಧಾರವಾಡದಿಂದ ಬಂದವಳಲ್ಲ. ನಡುವೆ ಹನ್ನೊಂದು ವರ್ಷ ಇಂಗ್ಲೆಂಡಿನ ಮಾರ್ಲ್‌ಕೋಟ್ ಎಂಬ ಹಳ್ಳಿಯಲ್ಲಿ ಸಂಸಾರ ಮಾಡಿದ್ದಳು. ತೊಂಬತ್ತು ಮನೆ, ಒಂದು ಚರ್ಚು, ಒಂದು ಪಬ್ಬು, ವಾರಕ್ಕೆ ಎರಡೇ ಸಲ ಬರುವ ಬಸ್ಸು. ಆಕೆಯ ಗಂಡ ವಿರುಪಾಕ್ಷಪ್ಪನವರು ಅಲ್ಲಿಯ ಡಾಕ್ಟರು. ಹಿಮ ಬಿದ್ದ ದಿನ ರಬ್ಬರ್ ಬೂಟು ಹಾಕಿಕೊಂಡು ಹೊಲದ ಮನೆಗಳಿಗೆ ನಡೆದೇ ಹೋಗಿ ಹೆರಿಗೆ ಮಾಡಿಸುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಗಂಡ ಮನೆಯಲ್ಲಿಲ್ಲದ ಹೊತ್ತಿನಲ್ಲಿ ನೀಲವ್ವ ಈಡಿತ್‌ಳ ಪೋಸ್ಟಾಫೀಸಿಗೆ ಹೋಗಿ ಕೂರುತ್ತಿದ್ದಳು.

ಈಡಿತ್ ಮದುವೆಯಾಗದವಳು, ತನ್ನ ಮನೆಯ ಮುಂದಿನ ಕೋಣೆಯಲ್ಲೇ ಊರಿನ ಪೋಸ್ಟಾಫೀಸು ನಡೆಸುತ್ತಿದ್ದಳು. ಕೌಂಟರಿನ ಒಂದು ಕಡೆ ಸ್ಟಾಂಪು, ಇನ್ನೊಂದು ಕಡೆ ಉಳ್ಳಾಗಡ್ಡಿ, ಮೇಣದ ಬತ್ತಿ, ಇಲಿಯ ಬೋನು. ಕೌಂಟರಿನ ಪಕ್ಕದ ಸ್ಟೂಲು ನೀಲವ್ವನದು. ಇಂಗ್ಲಿಷನ್ನೂ, ಊರಿನ ಸುದ್ದಿಯನ್ನೂ ಆಕೆ ಕಲಿತದ್ದು ಆ ಸ್ಟೂಲಿನ ಮೇಲೆ ಕೂತು.

ಮಾರ್ಲ್‌ಕೋಟಿನಲ್ಲಿ ಒಂದು ರೂಢಿಯಿತ್ತು. ಕಾಲು ತಾಗಿದರೆ ಹತ್ತು ಸಲ ಸಾರಿ ಎನ್ನುವ ಆ ಜನ, ನಿಜವಾದ ತಪ್ಪು ಮಾಡಿದಾಗ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಬೆಳಕು ಹರಿಯುವ ಮೊದಲೇ ಎದುರಿನವರ ಹೊಸ್ತಿಲಲ್ಲಿ ಒಂದು ಚೀಲ ಇಟ್ಟು ಹೋಗುತ್ತಿದ್ದರು. ಬೇಸಿಗೆಯಲ್ಲಿ ಬೀನ್ಸು, ಚಳಿಗಾಲದಲ್ಲಿ ಮೊಟ್ಟೆ. ಚೀಟಿ ಇಲ್ಲ, ಹೆಸರಿಲ್ಲ. ಪಡೆದವರೂ ಏನೂ ಕೇಳದೆ ಬೇಯಿಸಿ ತಿನ್ನುತ್ತಿದ್ದರು, ಅಲ್ಲಿಗೆ ಮುಗಿಯಿತು. ಮೊದಲ ವರ್ಷವೇ ಈಡಿತ್‌ಳ ಹೊಸ್ತಿಲಲ್ಲಿ ಅಂಥ ಚೀಲ ಕಂಡು ನೀಲವ್ವ ಕೇಳಿ ತಿಳಿದುಕೊಂಡಿದ್ದಳು. ಬ್ರೆಡ್ಡು ಮಾರುವವನು ಹಿಂದಿನ ದಿನ ಅವಳ ಮೇಲೆ ಕೂಗಾಡಿದ್ದನಂತೆ. ಮನೆಗೆ ಬಂದು ಗಂಡನಿಗೆ, "ಕೇಳ್ರಿ ಇಲ್ಲೆ, ಈ ಊರಾಗ ಪ್ರಾಯಶ್ಚಿತ್ತ ಅಂದ್ರ ಪಾವು ಕಿಲೋ ಬೀನ್ಸ್!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಎಪ್ಪತ್ತೊಂಬತ್ತರಲ್ಲಿ ವಿರುಪಾಕ್ಷಪ್ಪನವರು, ಇಲ್ಲಿಯ ಥಂಡಿ ತಮ್ಮ ಎದೆಗೆ ಆಗುವುದಿಲ್ಲ, ಕ್ಯಾಲಿಫೋರ್ನಿಯಾಕ್ಕೆ ಹೋಗೋಣ ಎಂದರು. ನೀಲವ್ವ ಅತ್ತಳು, ಜಗಳವಾಡಿದಳು, ಕೊನೆಗೆ ಪೆಟ್ಟಿಗೆ ಕಟ್ಟಿದಳು. ಹೊರಡುವ ಆ ಕೊನೆಯ ತಿಂಗಳು ದಿನಾ ಬೆಳಿಗ್ಗೆ ಬಾಗಿಲು ತೆರೆದರೆ ಹೊಸ್ತಿಲಲ್ಲಿ ಬೀನ್ಸಿನ ಚೀಲ. ಒಂದು ದಿನ ಎರಡು, ಇನ್ನೊಂದು ದಿನ ಮೂರು. ಪಲ್ಯ ಮಾಡಿದಳು, ಹುಳಿ ಮಾಡಿದಳು, ಮಿಕ್ಕಿದ್ದನ್ನು ಹೆಚ್ಚಿ ಒಣಗಿಸಿದಳು. ತಮಗೆ ಯಾರೂ ಯಾವ ತಪ್ಪೂ ಮಾಡಿಲ್ಲವಲ್ಲ, ಊರು ಬಿಟ್ಟು ಹೋಗುವವರ ಮೇಲೆ ಜನಕ್ಕೆ ಇಷ್ಟೊಂದು ಪ್ರೀತಿ ಎಂದುಕೊಂಡಳು.

ಆ ಬೀನ್ಸಿನ ಕತೆಯನ್ನು ಕ್ಯಾಂಪ್‌ಬೆಲ್ಲಿನಲ್ಲಿ ಕೇಳದವರಿಲ್ಲ. ಯಾರ ಮೇಲಾದರೂ ಆಕೆಗೆ ಮುನಿಸು ಬಂದರೆ ಅದು ಹೊರಗೆ ಬರುತ್ತಿತ್ತು. "ಜನ ಅಂದ್ರ ಆ ಜನ! ಊರಿಗೆ ಊರ ಕಾಯಿಪಲ್ಲೆ ಹೊತ್ತು ತಂದಿತ್ತು. ಇಲ್ಲಿ ನೋಡ್ರಿ, ಪಕ್ಕದ ಮನ್ಯಾಗ ಯಾರದಾರ ಅಂತ ಗೊತ್ತಿಲ್ಲ."

ಏಳು ವರ್ಷ ಈಡಿತ್ ತಪ್ಪದೆ ಪತ್ರ ಬರೆದಳು. ಜೊತೆಗೆ ತಿಂಗಳು ತಿಂಗಳು ಚರ್ಚಿನ ಪುಟ್ಟ ಪತ್ರಿಕೆಯನ್ನು ತಾನೇ ಕಂದು ಕಾಗದದಲ್ಲಿ ಸುತ್ತಿ ಕಳಿಸುತ್ತಿದ್ದಳು. ಯಾರು ಸತ್ತರು, ಯಾರ ಕುಂಬಳಕಾಯಿಗೆ ಬಹುಮಾನ ಬಂತು, ಚರ್ಚಿನ ಗಂಟೆಯ ಹಗ್ಗ ಬದಲಾಯಿಸಿದರೇ ಇಲ್ಲವೇ, ಎಲ್ಲ ಅದರಲ್ಲಿ. ಒಂದು ವರ್ಷ ಪತ್ರದೊಳಗೆ ಬೀಜ ಬಂದವು. ಕೆಂಪು ಹೂ ಬಿಡುವ, ಗೇಣುದ್ದದ ಚಪ್ಪಟೆ ಬೀನ್ಸು. ಕ್ಯಾಂಪ್‌ಬೆಲ್ಲಿನ ಬಿಸಿಲಿಗೆ ಅರ್ಧ ಹೂ ಉದುರುತ್ತಿತ್ತು. ಆದರೂ ನೀಲವ್ವ ಹಿತ್ತಲಲ್ಲಿ ಕೋಲು ನೆಟ್ಟು ಪ್ರತಿ ವರ್ಷ ಬೆಳೆದಳು.

ಎಂಬತ್ತಾರರ ಆಗಸ್ಟಿಗೆ ಈಡಿತ್ ಬರುವುದೆಂದು ನಿಶ್ಚಯವಾಯಿತು. ಎಪ್ಪತ್ತು ವರ್ಷದವಳು, ಮೊದಲ ವಿಮಾನ. ನೀಲವ್ವ ಒಳಕೋಣೆಗೆ ಹೊಸ ಪರದೆ ಹೊಲಿದಳು. ಈ ನೆಲದಲ್ಲಿ ಆಕೆಗೆ ಗೆಳತಿ ಎನ್ನುವವರು ಯಾರೂ ಇರಲಿಲ್ಲ. ಇದ್ದ ಒಬ್ಬಳು ಬರುತ್ತಿದ್ದಳು.

ಇನ್ನು ಹತ್ತು ದಿನವಿದೆ ಎನ್ನುವಾಗ ಆ ತಿಂಗಳ ಪತ್ರಿಕೆ ಬಂತು. ಊರಿಗೆ ಹೊಸದಾಗಿ ಬಂದ ನಿವೃತ್ತ ಮೇಷ್ಟ್ರೊಬ್ಬರು ಮಾರ್ಲ್‌ಕೋಟಿನ ದವಾಖಾನೆಯ ಚರಿತ್ರೆ ಬರೆದಿದ್ದರು. ಚರ್ಚಿನ ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕ ಒಂದು ಮನವಿಯ ಪ್ರತಿಯನ್ನು, ಊರು ಒಗ್ಗಟ್ಟಿನಿಂದ ನಡೆದುಕೊಂಡದ್ದಕ್ಕೆ ಸಾಕ್ಷಿಯೆಂದು, ಹೆಸರುಗಳ ಸಮೇತ ಅಚ್ಚು ಹಾಕಿಸಿದ್ದರು. ಎಪ್ಪತ್ತೊಂಬತ್ತರ ಏಪ್ರಿಲ್ಲಿನಲ್ಲಿ ಮೇಲಧಿಕಾರಿಗಳಿಗೆ ಬರೆದದ್ದು. ಈಗಿನ ಡಾಕ್ಟರ ಮೇಲೆ ದೂರೇನೂ ಇಲ್ಲ. ಆದರೆ ನಮ್ಮ ಮಾತು, ನಮ್ಮ ರೀತಿ ಬಲ್ಲ, ನಮ್ಮವರೇ ಆದ ಒಬ್ಬ ಡಾಕ್ಟರನ್ನು ಕಳಿಸಿಕೊಡಬೇಕು. ಕೆಳಗೆ ನಲವತ್ತೊಂದು ಹೆಸರು. ಏಳನೆಯದು ಈಡಿತ್‌ಳದು.

ನೀಲವ್ವ ನಿಂತೇ ಓದಿದಳು. ಎರಡನೆಯ ಸಲ ಓದುವಾಗ ಆಕೆಗೆ ಆ ಕೊನೆಯ ತಿಂಗಳ ಚೀಲಗಳು ನೆನಪಾದವು. ನಲವತ್ತರ ಹತ್ತಿರ ಹತ್ತಿರ ಬಂದಿದ್ದವು. ಪ್ರೀತಿಯೆಂದು ಬೇಯಿಸಿ ತಿಂದಿದ್ದಳು. ಏಳು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ವಿರುಪಾಕ್ಷಪ್ಪನವರು ಕ್ಲಿನಿಕ್ಕಿನಿಂದ ಬಂದು ಶೂ ಬಿಚ್ಚುವ ಮೊದಲೇ ಆ ಪುಟವನ್ನು ಅವರ ಮುಂದೆ ಹಿಡಿದಳು.

"ನಿಮಗ ಗೊತ್ತಿತ್ತು?"

ಅವರು ಓದಿ ಕನ್ನಡಕ ತೆಗೆದರು. "ಗೊತ್ತಿತ್ತು."

"ಎದಿಗೆ ಥಂಡಿ ಆಗಂಗಿಲ್ಲ ಅಂದಿದ್ದು?"

"ಎದಿ ಚಲೋನ ಇತ್ತು."

"ಏಳು ವರ್ಷ ಆಕಿಗೆ ನಾ ಪತ್ರ ಬರದೆ. ಟಪಾಲ ಡಬ್ಬಿಗೆ ಹಾಕಿ ಬಂದಾವ್ರು ನೀವ. ಒಂದ ದಿನರ ಬಾಯಿ ಬರ್ಲಿಲ್ಲ ನಿಮಗ?"

"ಹೇಳಿದ್ರ ಮಾತು ಬಿಡ್ತಿದ್ದಿ. ಆಕಿ ಬಿಟ್ರ ನಿನಗ ಯಾರಿದ್ರು, ನೀಲಾ?"

"ಅದನ್ನ ತೀರ್ಮಾನ ಮಾಡಾಕ ನೀವ್ಯಾರು?"

ಅವರು ಶೂ ಬಿಚ್ಚುತ್ತ, "ಬರಬ್ಯಾಡ ಅಂತ ಫೋನ್ ಮಾಡ್ಲೇನು?" ಎಂದರು.

"ಬರ್ಲಿ. ಮನಿಗೆ ಬ್ಯಾಡ. ಎಲ್ಲೆರ ಮೋಟೆಲ್ ನೋಡ್ರಿ."

ಈಡಿತ್ ಆಗಸ್ಟಿನ ಬಿಸಿಲಿನಲ್ಲಿ ಉಣ್ಣೆಯ ಕೋಟು ತೊಟ್ಟು ಏರ್‌ಪೋರ್ಟಿನಿಂದ ಹೊರಗೆ ಬಂದಳು. ಮೊದಲಿಗಿಂತ ಕುಗ್ಗಿದ್ದಳು. ನೀಲವ್ವ ಕೈ ಕುಲುಕಿ ಮುಂದಿನ ಸೀಟಿನಲ್ಲಿ ಕೂತವಳು ದಾರಿಯುದ್ದಕ್ಕೂ ಹಿಂದೆ ತಿರುಗಲಿಲ್ಲ. "ಇಷ್ಟೊಂದು ಕಾರು, ಇವೆಲ್ಲ ಎಲ್ಲಿಗೆ ಹೋಗುತ್ತವೆ?" ಎಂದು ಈಡಿತ್ ಫ್ರೀವೇ ನೋಡಿ ಕೇಳಿದಳು. ಕಾರು ಮೋಟೆಲಿನ ಮುಂದೆ ನಿಂತಾಗ ಅವಳು ಯಾಕೆ ಎಂದೂ ಕೇಳಲಿಲ್ಲ. ವಿರುಪಾಕ್ಷಪ್ಪನವರು ಪೆಟ್ಟಿಗೆ ಒಳಗಿಟ್ಟು ತಾವೇ ಹೊರಗೆ ಹೋದರು.

ಈಡಿತ್ ಮಂಚದ ಅಂಚಿನಲ್ಲಿ ಕೂತಳು. "ಪತ್ರಿಕೆ ತಲುಪಿದೆ," ಎಂದಳು.

"ತಲುಪಿತು. ಆ ಒಂದು ಸಂಚಿಕೆ ಕಳಿಸದೆ ಇರಬಹುದಿತ್ತು."

"ಇರಬಹುದಿತ್ತು. ನಾಲ್ಕು ದಿನ ಕೌಂಟರಿನ ಕೆಳಗೆ ಇಟ್ಟುಕೊಂಡಿದ್ದೆ. ನೀನು ಅದನ್ನು ಓದದೆ ನನಗೆ ಊಟ ಬಡಿಸಿದ್ದರೆ, ನಾನು ಕದ್ದು ತಿಂದ ಹಾಗಾಗುತ್ತಿತ್ತು."

"ಸಹಿ ಯಾಕೆ ಹಾಕಿದೆ?"

"ಆ ಕಾಗದ ಇದ್ದದ್ದೇ ನನ್ನ ಕೌಂಟರಿನ ಮೇಲೆ. ಸಹಿ ಹಾಕಿದವರು ಪೆನ್ನು ಕೆಳಗಿಡುವಾಗ ನನ್ನ ಮುಖ ನೋಡುತ್ತಿದ್ದರು. ಆರು ಜನ ನೋಡಿದರು. ಏಳನೆಯದು ನಾನೇ ಹಾಕಿದೆ. ಇದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇಲ್ಲ, ನೀಲಾ."

"ನಾನು ದಿನಾ ಆ ಸ್ಟೂಲಿನ ಮೇಲೆ ಕೂತಿರುತ್ತಿದ್ದೆ."

"ನೀನು ಬರುವುದು ಕಂಡರೆ ಕಾಗದವನ್ನು ಡ್ರಾಯರಿಗೆ ಹಾಕುತ್ತಿದ್ದೆ."

ತಾನು ಬಾಗಿಲು ತಳ್ಳಿದೊಡನೆ ಮುಚ್ಚುತ್ತಿದ್ದ ಆ ಡ್ರಾಯರಿನ ಸದ್ದು ನೀಲವ್ವನಿಗೆ ಚೆನ್ನಾಗಿ ನೆನಪಿತ್ತು. "ಆಮೇಲಾದರೂ ಹೇಳಬಹುದಿತ್ತು," ಎಂದಳು.

"ಹೇಳಿದ್ದರೆ ನೀನು ಮತ್ತೆ ಬರುತ್ತಿದ್ದೆಯಾ?"

ಗಂಡ ಹೇಳಿದ್ದೂ ಇದನ್ನೇ. ಅವರಿಬ್ಬರೂ ಕೂಡಿ ಮಾತಾಡಿಕೊಂಡವರಲ್ಲ. ನೀಲವ್ವ ಸ್ನಾನದ ಕೋಣೆಯ ಬಿಸಿನೀರಿನ ನಲ್ಲಿ ಯಾವುದೆಂದು ತೋರಿಸಿ, ಬಾಗಿಲೆಳೆದುಕೊಂಡು ಬಂದಳು.

ಆ ಸಂಜೆ ಆಕೆ ಗಂಡನಿಗೆ ಬಡಿಸಿ ಅಡಿಗೆಮನೆಗೆ ಹೋದಳು. ಅವರು ಮಲಗಿದ ಮೇಲೆ ಒಳಕೋಣೆಯ ದೀಪ ಹಾಕಿ ಹೊಸ ಪರದೆಯನ್ನು ನೋಡಿದಳು. ಬಿಚ್ಚಿಹಾಕಬೇಕೆಂದು ಕುರ್ಚಿ ಎಳೆದಳು, ಹತ್ತಲಿಲ್ಲ. ಹೇಳಿದ್ದರೆ ತಾನು ಆ ಬಾಗಿಲಿಗೆ ಮತ್ತೆ ಹೋಗುತ್ತಿರಲಿಲ್ಲ, ಅದು ಆಕೆಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ವಿರುಪಾಕ್ಷಪ್ಪನವರು ಏಳುವ ಮೊದಲೇ ಆಕೆ ಹಿತ್ತಲಿಗೆ ಹೋದಳು. ಇಬ್ಬನಿಗೆ ಸೀರೆಯ ಅಂಚು ಒದ್ದೆಯಾಯಿತು. ಎಳೆಯದನ್ನೇ ನೋಡಿ ನೋಡಿ ಬೀನ್ಸು ಕಿತ್ತಳು, ಬಲಿತದ್ದನ್ನು ಬಿಟ್ಟಳು. ಗ್ರೋಸರಿಯ ಕಂದು ಕಾಗದದ ಚೀಲದಲ್ಲಿ ತುಂಬಿಕೊಂಡು, ಸೀರೆಯ ಕೆಳಗೆ ಕ್ಯಾನ್ವಾಸ್ ಶೂ ಹಾಕಿಕೊಂಡು ಹೊರಟಳು. ಆಕೆಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಮೋಟೆಲು ಒಂದೂವರೆ ಮೈಲಿ ದೂರ. ಆ ರಸ್ತೆಯಲ್ಲಿ ಯಾರೂ ನಡೆದು ಹೋಗುವುದಿಲ್ಲ. ನಾಯಿ ಹಿಡಿದುಕೊಂಡು ಬಂದ ಒಬ್ಬಾತ ದಾರಿ ತಪ್ಪಿತೇ ಎಂದು ಕೇಳಿದ. ಇಲ್ಲ ಎಂದಳು.

ಈಡಿತ್‌ಳ ಕೋಣೆಯ ಪರದೆ ಇನ್ನೂ ಮುಚ್ಚಿತ್ತು. ನೀಲವ್ವ ಚೀಲದ ಬಾಯಿಯನ್ನು ಎರಡು ಸಲ ಮಡಿಚಿ, ಬಾಗಿಲು ತೆರೆದರೆ ಕಾಲಿಗೆ ತಾಗುವ ಹಾಗೆ ಹೊಸ್ತಿಲಲ್ಲಿ ಇಟ್ಟಳು. ಚೀಟಿ ಇಡಲಿಲ್ಲ. ಬಾಗಿಲು ಬಡಿಯದೆ, ಬಂದ ದಾರಿಯಲ್ಲೇ ಮನೆಯ ಕಡೆಗೆ ನಡೆದಳು.